ಒಂದು ಅಂಗಿಗೆ ಎಪ್ಪತ್ತೈದು ಮೀಟರ್ ಬಟ್ಟೆ

ಮೂರನೇ ಕಂಪ್ಯೂಟರಿನ ಪರದೆಯ ಮೇಲೆ 7560 ಎಂಬ ಉತ್ತರ ಮೂಡಿದ್ದೇ ತಡ, ಟೈಲರಕ್ಕನ ಮುಖ ಬಿಳಿಚಿಕೊಂಡಿತು.

"ಏಳು ಸಾವಿರದ ಐನೂರ ಅರವತ್ತು ಸೆಂಟಿಮೀಟರ್! ಒಂದು ಅಂಗಿಗೆ ಎಪ್ಪತ್ತೈದು ಮೀಟರ್ ಬಟ್ಟೆ! ಯಾರಿಗೆ ಹೊಲೀಲಿ ಸಾರ್, ಈ ಕಟ್ಟಡಕ್ಕಾ?"

ಗ್ರಂಥಪಾಲಕರಿಗೆ ನಗು ಬರಬೇಕಿತ್ತು, ಬರಲಿಲ್ಲ. ಗಂಟೆ ಹನ್ನೆರಡಾಗಿತ್ತು. ನಾಲ್ಕಕ್ಕೆ ಉಡುಪು ಕಾರ್ಖಾನೆಯ ಮೇಲ್ವಿಚಾರಕಿ ಬರುವವರಿದ್ದರು. ಬಟ್ಟೆ ಕತ್ತರಿಸುವ ವಿಭಾಗಕ್ಕೆ ಲೆಕ್ಕ ನೋಡಿಕೊಳ್ಳುವವರೊಬ್ಬರು ಬೇಕಾಗಿದ್ದರು. ಟೈಲರಕ್ಕ ತಾನೇ ಬರೆದ ಪ್ರೋಗ್ರಾಂ ತೋರಿಸಿ ಒಪ್ಪಿಸಿದರೆ ಕೆಲಸ ಅವಳದು. ಇಪ್ಪತ್ತೆಂಟು ವರ್ಷ ಸೂಜಿ ಹಿಡಿದ ಅವಳ ಬೆರಳ ಗಂಟುಗಳು ಊದಿಕೊಂಡಿದ್ದವು. ಇನ್ನೊಂದು ವರ್ಷ ಮಿಷನ್ ಮುಂದೆ ಕೂರಲು ಆಗದೆಂದು ವೈದ್ಯರು ಹೇಳಿಯಾಗಿತ್ತು.

ವಾಚನಾಲಯದ ಮಹಡಿಯ ಕೋಣೆಯಲ್ಲಿ ಮೂರು ತಿಂಗಳಿಂದ ಕಲಿಕೆ ನಡೆದಿತ್ತು. ಪಾಠ ಕೇಳಿ ಎದ್ದು ಹೋಗುವ ತರಗತಿಯಲ್ಲ ಅದು. ತಮ್ಮ ಕಸುಬಿಗೆ ಬೇಕಾದ ಒಂದೊಂದು ಪ್ರೋಗ್ರಾಂ ಎಲ್ಲರೂ ಮಾಡಲೇಬೇಕು. ಮೊದಲು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯಬೇಕು, ಆಮೇಲೆ ಟೈಪು. ಮುಗಿದ ಮೇಲೆ ಜೊತೆಯವರೊಬ್ಬರು ಅದನ್ನು "ಒಡೆದು ನೋಡಬೇಕು", ಅಂದರೆ ಅದು ಕೇಳಿದ್ದಕ್ಕೆಲ್ಲ ಏನೇನೋ ಉತ್ತರ ಕೊಟ್ಟು, ಅದು ಎಲ್ಲಿ ಮುಗ್ಗರಿಸುತ್ತದೆಂದು ಹುಡುಕಿ ಚೀಟಿ ಬರೆದಿಡಬೇಕು. ಆದರೆ ಇನ್ನೊಬ್ಬರ ಪ್ರೋಗ್ರಾಂ ಒಳಗೆ ಕೈಹಾಕುವಂತಿಲ್ಲ. ಅದು ಟೀಚರ್ ಹಾಕಿದ ಕಟ್ಟಪ್ಪಣೆ.

ಆ ಟೀಚರ್ ಈಗ ದೂರದ ರೈಲಿನಲ್ಲಿದ್ದರು. ಫೋನು ಸಿಗುತ್ತಿರಲಿಲ್ಲ.

"ನಿನ್ನೆ ಐದು ಗಂಟೆಗೆ ಸರಿಯಾಗಿ ನೂರ ಮೂವತ್ತೈದು ಅಂತ ಹೇಳ್ತಿತ್ತು ಸಾರ್. ಯಾರೋ ಕೈಯಾಡಿಸಿದ್ದಾರೆ. ಯಾರು ಅಂತ ನಾನು ಬೇರೆ ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಅದೇ ಕೆಲಸಕ್ಕೆ ಬಸ್ ಡ್ರೈವರನ ಹೆಂಡತಿಯೂ ಅರ್ಜಿ ಹಾಕಿದ್ದಳು. ಡ್ರೈವರ್ ಈ ತರಗತಿಯಲ್ಲೇ ಕಲಿಯುತ್ತಿದ್ದ; "ಏನಕ್ಕಾ, ನಿಮ್ಮ ಪ್ರೋಗ್ರಾಂಗೆ ಗುಂಡಿ ಹಚ್ಚಿ ಆಯ್ತಾ?" ಎಂದು ದಿನವೂ ಅವಳನ್ನು ರೇಗಿಸುತ್ತಿದ್ದ.

ಗ್ರಂಥಪಾಲಕರು ಮೆಟ್ಟಿಲಿಳಿದು, ಎದುರು ಬೀದಿಯ ಮನೆಯ ಕರೆಗಂಟೆ ಒತ್ತಿದರು. ಇಂಥ ಹೊತ್ತಿನಲ್ಲಿ ಅವರಿಗೆ ನೆನಪಾಗುತ್ತಿದ್ದುದು ಒಬ್ಬರೇ: ಎಕ್ಸ್‌ಚೇಂಜ್ ದೊಡ್ಡಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ ನಿವೃತ್ತರಾದವರು. ಕಾಣೆಯಾದ ನಿಘಂಟುಗಳ ಪ್ರಕರಣವನ್ನೂ ಮೇಲಿನ ಬೀದಿಯ ಸುಳ್ಳು ಪತ್ರಗಳ ಪ್ರಕರಣವನ್ನೂ ಬಿಡಿಸಿದವರು. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಈ ತರಗತಿಗೂ ಸೇರಿ, ಬೀದಿಯವರ ಫೋನ್ ನಂಬರು ಹುಡುಕಿಕೊಡುವ ಪ್ರೋಗ್ರಾಂ ಬರೆದಿದ್ದರು.

ದೊಡ್ಡಮ್ಮ ಬಂದವರೇ ಮೊದಲು ಟೈಲರಕ್ಕನ ಕೈಗೆ ನೀರಿನ ಲೋಟ ಕೊಟ್ಟರು. "ಕುಡಿ. ನಾಲ್ಕು ಗಂಟೆ ಟೈಮಿದೆ, ಬೇಕಾದಷ್ಟಾಯ್ತು. ನಿನ್ನ ನೋಟ್‌ಬುಕ್ ಎಲ್ಲಿ?"

ನೋಟ್‌ಬುಕ್ಕನ್ನು ಪರದೆಯ ಪಕ್ಕ ಹಿಡಿದು ಸಾಲು ಸಾಲಾಗಿ ಬೆರಳಾಡಿಸಿದರು. ಪ್ರೋಗ್ರಾಂ ಸರಳವಾಗಿತ್ತು: ಅಂಗಿಯ ಉದ್ದ ಕೇಳುತ್ತದೆ, ತೋಳಿನ ಉದ್ದ ಕೇಳುತ್ತದೆ, ಎರಡನ್ನೂ ಕೂಡಿಸಿ ಬಟ್ಟೆ ಎಷ್ಟು ಬೇಕೆಂದು ಹೇಳುತ್ತದೆ. ಮಡಿಕೆಗೆ ಬೇಕಾದದ್ದನ್ನು ಅಕ್ಕ ಅಳತೆಯಲ್ಲೇ ಸೇರಿಸಿರುತ್ತಿದ್ದಳು.

"ಎರಡೇ ಎರಡು ಜಾಗದಲ್ಲಿ ಒಂದೊಂದು ಪದ ಹೋಗಿದೆ," ಎಂದರು ದೊಡ್ಡಮ್ಮ. "'ಇದನ್ನ ಅಂಕಿ ಅಂತ ತಗೋ' ಅಂತ ಕಂಪ್ಯೂಟರಿಗೆ ಹೇಳೋ ಪದ. ಅದಿಲ್ಲದೆ ಇದ್ರೆ ಅದಕ್ಕೆ ಎಪ್ಪತ್ತೈದೂ ಬರೀ ಅಕ್ಷರ, ಅರವತ್ತೂ ಬರೀ ಅಕ್ಷರ. ಕೂಡಿಸು ಅಂದ್ರೆ ಒಂದರ ಪಕ್ಕ ಇನ್ನೊಂದು ಅಂಟಿಸಿ ಕೂರುತ್ತೆ. ಎಪ್ಪತ್ತೈದು, ಅರವತ್ತು. ಏಳು ಸಾವಿರದ ಐನೂರ ಅರವತ್ತು."

"ವಾಪಸ್ ಹಾಕಿಬಿಡಿ ಮತ್ತೆ!" ಎಂದರು ಗ್ರಂಥಪಾಲಕರು.

"ಹಾಕ್ತೀನಿ." ಮೂಲ ಫೈಲನ್ನು ಮುಟ್ಟದೆ, ಅದರ ನಕಲೊಂದರಲ್ಲಿ ಆ ಪದಗಳನ್ನು ಸೇರಿಸಿ ಎಪ್ಪತ್ತೈದು, ಅರವತ್ತು ಕೊಟ್ಟರು. 135 ಬಂತು. ಟೈಲರಕ್ಕ ನಿಟ್ಟುಸಿರುಬಿಟ್ಟಳು. ಆದರೆ ದೊಡ್ಡಮ್ಮ ಅಷ್ಟಕ್ಕೇ ಬಿಡದೆ ಏನೇನೋ ಅಳತೆ ಕೊಡುತ್ತಾ ಹೋದರು. ಐದಾರು ಸಲ ಆದಮೇಲೆ ಒಮ್ಮೆಲೇ ಪರದೆ ತುಂಬ ತಪ್ಪು ತೋರಿಸುವ ಕೆಂಪಕ್ಷರ ಬಂತು. ಅವರು ಅದನ್ನು ಎರಡು ಸಲ ಓದಿ, "ಓಹೋ" ಎಂದರು.

ಆಮೇಲೆ ಮೂಲ ಫೈಲು ಕೊನೆಗೆ ಯಾವಾಗ ಬದಲಾಗಿದ್ದೆಂದು ನೋಡಿದರು: ನಿನ್ನೆ ಸಂಜೆ ಐದು ನಲವತ್ತು. ಗ್ರಂಥಪಾಲಕರಿಂದ ಎರಡು ಪುಸ್ತಕ ಕೇಳಿದರು, ಬಂದುಹೋಗುವವರ ರಿಜಿಸ್ಟರು ಮತ್ತು ತರಗತಿಯ ಹಾಜರಿ. ನಿನ್ನೆ ಐದರ ಮೇಲೆ ಕೋಣೆಯಲ್ಲಿದ್ದವರು ಮೂವರು. ನರ್ಸಮ್ಮ ಐದು ಇಪ್ಪತ್ತಕ್ಕೆ ಹೊರಟಿದ್ದರು, ಬಡಗಿ ಐದು ಐವತ್ತಕ್ಕೆ, ಡ್ರೈವರ್ ಐದು ಐವತ್ತೈದಕ್ಕೆ. ಅಂಕಿಗೂ ಅಕ್ಷರಕ್ಕೂ ಇರುವ ವ್ಯತ್ಯಾಸದ ಪಾಠ ನಡೆದ ದಿನ ನರ್ಸಮ್ಮನೂ ಡ್ರೈವರನೂ ಗೈರು. ಬಡಗಿ ಮುಂದಿನ ಸಾಲಿನಲ್ಲೇ ಇದ್ದ.

"ಮೂರು ಗಂಟೆಗೆ ಮೂವರನ್ನೂ ಕರೆಸಿ," ಎಂದರು ದೊಡ್ಡಮ್ಮ. "ಬೈಯೋಕೆ ಅಂತ ಹೇಳ್ಬೇಡಿ. ಸಹಾಯ ಬೇಕು ಅನ್ನಿ."

ಮೂರು ಹೊಡೆಯುವಷ್ಟರಲ್ಲಿ ಎಲ್ಲರೂ ಸೇರಿದ್ದರು. ನರ್ಸಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ಟೈಲರಕ್ಕನ ಬೆರಳುಗಳನ್ನು ಮೆಲ್ಲಗೆ ನೀವುತ್ತಿದ್ದರು. ಬಡಗಿ ಕೈಕಟ್ಟಿ ನಿಂತಿದ್ದ. ಡ್ರೈವರ್ ಮಾತ್ರ ಬಾಗಿಲ ಬಳಿಯೇ ಉಳಿದಿದ್ದ.

"ಕೇಳೋದೇನಿದೆ?" ಎಂದ ಬಡಗಿ. "ಯಾರ ಹೆಂಡತಿಗೆ ಲಾಭವೋ ಅವರನ್ನೇ ಕೇಳಿ."

"ಮೇಸ್ತ್ರಿ, ಇವತ್ತು ಕಾರ್ಖಾನೆಯವರಿಗೆ ನಿಮ್ಮ ಪ್ರೋಗ್ರಾಂ ತೋರಿಸ್ತಿಲ್ಲ ಅಂತ ನಿಮಗೂ ಬೇಜಾರಿತ್ತಲ್ಲ?" ದೊಡ್ಡಮ್ಮ ನಕ್ಕರು. "ನಾನು ಮೊದಲು ನೋಡಿದ್ದು ಯಾರಿಗೆ ದ್ವೇಷ ಅಂತಲ್ಲ. ಕೈ ಎಲ್ಲಿ ಹೋಗಿದೆ ಅಂತ. ಹಾಳು ಮಾಡೋರು ಪೂರ್ತಿ ಅಳಿಸ್ತಾರೆ. ಇಲ್ಲಿ ಎರಡೇ ಪದ ತೆಗೆದು, ಉಳಿದ ಆವರಣ ಚಿಹ್ನೆಯನ್ನೂ ಅಚ್ಚುಕಟ್ಟಾಗಿ ಸರಿಮಾಡಿದ್ದಾರೆ. ಯಾಕೆ ಆ ಎರಡೇ ಪದ? ಅದಕ್ಕೇ ನಾನು ಅಕ್ಕನ ಹಳೇ ಪ್ರೋಗ್ರಾಂ ಒಡೆದು ನೋಡಿದೆ. ಇಡೀ ಅಂಕಿ ಏನು ಕೊಟ್ರೂ ಸರಿ. ಎಪ್ಪತ್ತೈದೂವರೆ ಅಂತ ಕೊಟ್ಟ ತಕ್ಷಣ ಕೆಂಪು!"

"ಅರ್ಧ ಕೊಟ್ಟು ನಾನು ನೋಡೇ ಇರ್ಲಿಲ್ಲ," ಎಂದಳು ಟೈಲರಕ್ಕ, ದನಿ ಕುಗ್ಗಿಸಿ.

"ಗೊತ್ತು. ನೀನು ಬರೆದ ಪದ ಇಡೀ ಅಂಕಿ ಮಾತ್ರ ಒಪ್ಪುತ್ತೆ. ಕೆಂಪಕ್ಷರ ಬೊಟ್ಟು ಮಾಡೋದೂ ಆ ಸಾಲನ್ನೇ. ಒಬ್ಬರು ಅರ್ಧದ ಅಳತೆ ಕೊಟ್ರು, ಕೆಂಪು ಬಂತು. ಆ ಸಾಲಿನ ಪದ ತೆಗೆದ್ರು. ಈಗ ಒಂದು ಅಕ್ಷರ, ಇನ್ನೊಂದು ಅಂಕಿ. ಸೇರಲ್ಲ, ಮತ್ತೆ ಕೆಂಪು. ಎರಡನೇದನ್ನೂ ತೆಗೆದ್ರು. ಕೆಂಪು ಹೋಯ್ತು. ಇದು ಹಾಳುಮಾಡಿದ್ದಲ್ಲ, ರಿಪೇರಿ ಮಾಡಿದ್ದು. ಅಂಕಿ-ಅಕ್ಷರದ ಪಾಠ ಕೇಳಿದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ. ಆ ದಿನ 'ಎರಡು ಹಲಗೆ ಪಕ್ಕಪಕ್ಕ ಇಟ್ಟ ಹಾಗಾ ಟೀಚರ್?' ಅಂತ ಕೇಳಿದ್ದೇ ನಮ್ಮ ಮೇಸ್ತ್ರಿ. ಹಾಗಾಗಿ ಅವರಲ್ಲ. ಐದು ನಲವತ್ತಕ್ಕೆ ನರ್ಸಮ್ಮ ಮನೇಲಿದ್ರು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಡ್ರೈವರನ ಕಿವಿ ಕೆಂಪಾಗಿತ್ತು.

"ಒಂದೇ ಒಂದು ಗಂಟು ಉಳಿದಿತ್ತು," ದೊಡ್ಡಮ್ಮನ ದನಿ ಮೆತ್ತಗಾಯಿತು. "ಉತ್ತರ ತಪ್ಪು ಅಂತ ಅವರಿಗೆ ಯಾಕೆ ಕಾಣಲಿಲ್ಲ? ಎಪ್ಪತ್ತೈದೂವರೆ, ಅರವತ್ತು ಅಂಟಿಸಿ ನೋಡಿದೆ. ಏನು ಬಂತು ಗೊತ್ತಾ? ಎಪ್ಪತ್ತೈದು, ಚುಕ್ಕಿ, ಐದು ಆರು ಸೊನ್ನೆ. ನೋಡೋಕೆ ಎಷ್ಟು ಮರ್ಯಾದಸ್ಥ ಉತ್ತರ! ಹೊಲಿಗೆ ಗೊತ್ತಿಲ್ಲದವರಿಗೆ ಅನುಮಾನವೇ ಬರಲ್ಲ. ಅಲ್ವಾ ಡ್ರೈವರಣ್ಣ?"

"ಹೂಂ ದೊಡ್ಡಮ್ಮ." ಅವನು ನೆಲ ನೋಡುತ್ತಲೇ ಹೇಳಿದ. "ನನ್ನ ಅಂಗಿ ಅಳತೆಯೇ ಹಾಕಿದ್ದೆ. ಕೆಂಪು ಬಂತು. ನಾಳೆ ಕಾರ್ಖಾನೆಯ ಆಯಮ್ಮನ ಮುಂದೆ ಹೀಗೇ ಆದ್ರೆ ಅಕ್ಕನ ಗತಿ ಏನು ಅನ್ನಿಸ್ತು. ಚೀಟಿ ಬರೆದಿಟ್ರೆ, ಹೆಂಡತಿಗೋಸ್ಕರ ಕೊಂಕು ತೆಗೆದ ಅಂತಾರೆ. ಅದಕ್ಕೆ ಸುಮ್ನೆ ಸರಿಮಾಡಿ ಹೋಗೋಣ ಅಂತ…"

"ನಿನ್ನ ಹೆಂಡತಿಗೆ ಆ ಕೆಲಸ ಬೇಡ್ವೇನಪ್ಪಾ?" ಕೇಳಿದಳು ಟೈಲರಕ್ಕ.

"ಬೇಕು ಅಕ್ಕಾ. ಆದ್ರೆ ನೀವು ಬೆರಳನ್ನ ಬಿಸಿನೀರಲ್ಲಿ ಅದ್ದಿ ಬಂದು ಒಂದೊಂದೇ ಅಕ್ಷರ ಒತ್ತೋದನ್ನ ಮೂರು ತಿಂಗಳಿಂದ ಪಕ್ಕದಲ್ಲಿ ಕೂತು ನೋಡಿದ್ದೀನಲ್ಲ."

ಬಡಗಿ ಕಟ್ಟಿದ್ದ ಕೈ ಬಿಟ್ಟು, ಒಂದು ಕುರ್ಚಿ ಎಳೆದು ಡ್ರೈವರನ ಹಿಂದಿಟ್ಟ. ಎಂಥ ಜನರಿಗೆ ತಾನು ದಿನವೂ ಬಾಗಿಲು ತೆರೆದುಕೊಡುತ್ತೇನೆ ಎಂದುಕೊಂಡರು ಗ್ರಂಥಪಾಲಕರು.

ಇಡೀ ಅಂಕಿಯ ಪದದ ಬದಲು ದಶಮಾಂಶ ಒಪ್ಪುವ ಪದ ಹಾಕಬೇಕೆಂದು ದೊಡ್ಡಮ್ಮ ಹೇಳಿಕೊಟ್ಟರು. ಕೀಲಿಮಣೆಯನ್ನು ಮಾತ್ರ ಟೈಲರಕ್ಕನ ಕಡೆಗೇ ಸರಿಸಿದರು. ಅವಳೇ ಒಂದೊಂದಾಗಿ ಒತ್ತಿದಳು. ಎಪ್ಪತ್ತೈದೂವರೆ, ಅರವತ್ತು. 135.5 ಬಂತು.

ನಾಲ್ಕಕ್ಕೆ ಸರಿಯಾಗಿ ಬಂದ ಮೇಲ್ವಿಚಾರಕಿ ಹೆಚ್ಚು ಮಾತಿನವರಲ್ಲ. ಚೀಲದಿಂದ ಟೇಪು ತೆಗೆದು ತಮ್ಮ ತೋಳನ್ನೇ ಅಳೆದುಕೊಂಡರು. "ಐವತ್ತೇಳೂವರೆ. ಉದ್ದ ಎಪ್ಪತ್ತು. ನೋಡೋಣ."

127.5 ಎಂದಿತು ಪರದೆ. ಅವರು ಮನಸ್ಸಿನಲ್ಲೇ ಕೂಡಿ ತಲೆದೂಗಿದರು. "ಕಳೆದ ವರ್ಷ ಒಬ್ಬರು ತಂದಿದ್ದು ಅರ್ಧದ ಅಳತೆಗೇ ಕೈಕೊಟ್ಟಿತ್ತು. ಇದೆಲ್ಲ ನೀವೊಬ್ಬರೇ ಮಾಡಿದ್ದಾ?"

"ಮಾಡಿದ್ದು ನಾನು ಮೇಡಂ. ಒಡೆದದ್ದು ಇವರು," ಎಂದು ಟೈಲರಕ್ಕ ಡ್ರೈವರನನ್ನು ತೋರಿಸಿದಳು. "ಒಡೆಯದೆ ಇದ್ದಿದ್ರೆ ಇವತ್ತು ನಿಮ್ಮ ಮುಂದೆ ನನ್ನ ಮಾನ ಹೋಗ್ತಿತ್ತು."

"ಸೋಮವಾರ ಬನ್ನಿ," ಎಂದು ಮೇಲ್ವಿಚಾರಕಿ ಟೇಪು ಸುತ್ತಿದರು.

ಅವರು ಹೋದ ಮೇಲೆ ನರ್ಸಮ್ಮ ಕಣ್ಣೊರೆಸಿಕೊಂಡರು. ಡ್ರೈವರ್ ತಲೆ ಕೆರೆದುಕೊಂಡ. "ಎಲ್ಲ ಸರಿ, ಮನೇಲಿ ಏನು ಹೇಳ್ಲಿ? ಇವತ್ತು ನನಗೆ ಊಟ ಇಲ್ಲ."

ಟೈಲರಕ್ಕ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ ಎದ್ದಳು. "ನಡಿ, ನಾನೂ ಬರ್ತೀನಿ. ನಾನೇ ಹೇಳ್ತೀನಿ ಅವಳಿಗೆ. ಬೈಯೋದಿದ್ರೆ ಮೊದಲು ನನಗೇ ಬೈಲಿ. ಆಮೇಲೆ ಕೇಳ್ತೀನಿ, ನಾಳೆಯಿಂದ ಇಲ್ಲಿಗೆ ಬಂದು ಕಲೀತೀಯಾ ಅಂತ."

ಇಬ್ಬರೂ ಮೆಟ್ಟಿಲಿಳಿದು ಹೋಗುವುದನ್ನು ಗ್ರಂಥಪಾಲಕರು ಕಿಟಕಿಯಿಂದ ನೋಡಿದರು. ಬೀದಿ ದಾಟುವಾಗ ಡ್ರೈವರ್ ಅವಳ ಚೀಲವನ್ನು ತನ್ನ ಕೈಗೆ ತೆಗೆದುಕೊಂಡ.