ಆರನೆಯ ಬಾಟಲಿಯ ಉಪ್ಪು

"ಕಾಕಾ, ನಾಳೆ ಮುಂಜಾನೆ ಯಲ್ಲೇಶನ್ನ ಕೆಲಸದಿಂದ ತಗೀತಾರ. ಕಳ್ಳ ಅನ್ನೋ ಹೆಸರು ಹೊತ್ಕೊಂಡು ಅಂವ ತನ್ನೂರು ತಿರ್ಲಾಪುರಕ್ಕ ಹೋಗಬೇಕಾಗ್ತದ. ನೀವು ಈಗಿಂದೀಗ ಬರ್ರಿ."

ನವಲಗುಂದದ ನಿವೃತ್ತ ಫೌಜದಾರ ಈರಬಸಪ್ಪನವರ ಪಡಸಾಲೆಯಲ್ಲಿ ನಿಂತು ಹೀಗೆಂದವಳು ಅಮೃತಾ. ಶಲವಡಿಯ ರೇವವ್ವನ ಮೊಮ್ಮಗಳು, ಸಮುದ್ರದ ನೀರಿನ ಮೇಲೆ ಸಂಶೋಧನೆ ಮಾಡುವಾಕೆ. ಯಾರೋ ಒಂದು ಬಾಟಲಿ ಸಮುದ್ರದ ನೀರನ್ನು ಬದಲಿಸಿದ್ದಾರೆ, ತಪ್ಪು ತಂಡದ ಆಳು ಯಲ್ಲೇಶನ ತಲೆಗೆ ಬಂದಿದೆ ಎಂದಳು. ಜಮಖಾನದ ಮೇಲೆ ಕೂತು ಚಹಾ ಹೀರುತ್ತಿದ್ದ ಮಶಾಕಸಾಬನಿಗೆ ನಗು ತಡೆಯಲಾಗಲಿಲ್ಲ. ಹವಾಲ್ದಾರನಾಗಿ ಸಾಹೇಬರ ಹಿಂದೆ ತಿರುಗಿದ ಕಾಲದಲ್ಲಿ ಕುರಿ ಕಳವು, ಪಂಪ್‌ಸೆಟ್ ಕಳವು ಎಲ್ಲ ಕಂಡಿದ್ದ. ನೀರಿನ ಕಳವು ಕಂಡಿರಲಿಲ್ಲ.

"ಹೋದ್ರ ಹೋತು ಬಿಡವಾ. ಸಮುದ್ರದಾಗ ನೀರಿಗೆ ಬರ ಬಂದದೇನು?" ಎಂದ.

"ಆ ನೀರು ಮತ್ತ ಸಿಗೂದಿಲ್ರಿ," ಎಂದಳು ಅಮೃತಾ. "ಗಾಳಿ ಮ್ಯಾಲಿನ ನೀರನ್ನ ದಂಡಿಯಿಂದ ಆಚೆ ನೂಕ್ತದ. ಆ ಜಾಗಾಕ್ಕ ತಳದ ತಣ್ಣೀರು ಏರಿ ಬರ್ತದ. ಎರಡೂ ನೀರು ಎದುರಾಗೂ ಕಡೆ ಸಮುದ್ರದ ಮ್ಯಾಲೆ ನೊರಿ ಕಟ್ಟಿದ ಒಂದು ಗೆರಿ ಬೀಳ್ತದ. ಮೀನೂ ಅಲ್ಲೇ ಕೂಡ್ತಾವ. ಆ ಗೆರಿಯೊಳಗ ಯಾವ ನೀರು ಎಷ್ಟು ಬೆರೆತದ ಅಂತ ಅಳೆಯೂದು ನಮ್ಮ ಕೆಲಸ. ಇವತ್ತಿದ್ದ ಗೆರಿ ನಾಳೆ ಇರೂದಿಲ್ಲ."

ಅರೆಗಣ್ಣು ಮುಚ್ಚಿ ಕೂತಿದ್ದ ಈರಬಸಪ್ಪನವರು ಕಣ್ಣು ತೆರೆದರು. "ಬೆರೆತ ನೀರನ್ನ ಹೆಂಗ ಅಳೀತೀರಿ?"

"ಬಿಸಿ ಎಷ್ಟು, ಉಪ್ಪು ಎಷ್ಟು ನೋಡಿ. ಎರಡೂ ನೀರಿನ ಉಪ್ಪು ಗೊತ್ತಿದ್ರ, ಬೆರಕಿ ನೀರಿನ ಉಪ್ಪು ನೋಡಿ ಯಾವುದರ ಪಾಲು ಎಷ್ಟು ಅಂತ ಹೇಳಬಹುದು. ಯಂತ್ರಾನ ಹಗ್ಗಕ್ಕ ಕಟ್ಟಿ ಇಳಿಸ್ತೀವಿ. ಅದು ಹೇಳೂದು ಖರೇನೋ ಸುಳ್ಳೋ ತಿಳೀಲಿಕ್ಕೆ ಅದೇ ನೀರನ್ನ ಬಾಟಲಿಯೊಳಗ ತುಂಬಿ ಹೈದರಾಬಾದಿನ ಪ್ರಯೋಗಾಲಯಕ್ಕ ಒಯ್ತೀವಿ."

ಉಳಿದದ್ದನ್ನೂ ಹೇಳಿದಳು. ಕಾರವಾರದಲ್ಲಿ ಆರು ಬಾಟಲಿ ತುಂಬಿ, ಪೆಟ್ಟಿಗೆಗೆ ಬೀಗ ಹಾಕಿ ಜೀಪು ಹೊರಟಿತ್ತು. ದಾರಿಯಲ್ಲಿ ಶಲವಡಿಯ ರೇವವ್ವನ ಮನೆಯಲ್ಲಿ ವಸ್ತಿ. ದೋಣಿಯಲ್ಲಿ ಹಗ್ಗ ಎಳೆದು, ದಾರಿಯಲ್ಲಿ ಪೆಟ್ಟಿಗೆ ಕಾಯುವ ಯಲ್ಲೇಶ ಕೀಲಿಯನ್ನು ಪಡಸಾಲೆಯ ಮೊಳೆಗೆ ನೇತುಹಾಕಿ ಮಲಗಿದ. ಹೈದರಾಬಾದಿನಲ್ಲಿ ಐದು ಬಾಟಲಿ ಯಂತ್ರದ ಮಾತಿಗೆ ಸರಿಹೊಂದಿದವು. ಗೆರೆಯ ನಟ್ಟನಡುವೆ ತುಂಬಿದ ಆರನೆಯದು ಮಾತ್ರ ಹೊಂದಲಿಲ್ಲ. ಅಲ್ಲಿ ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಎಂದಿತ್ತು ಯಂತ್ರ. ಬಾಟಲಿಯಲ್ಲಿದ್ದದ್ದು ಮೂವತ್ತೆಂಟು.

"ಕಾರವಾರದ ದಂಡಿಗೆ ಅಷ್ಟು ಉಪ್ಪಿನ ನೀರೇ ಇಲ್ಲ ಕಾಕಾ. ವಾಪಸ್ ಹೊಂಟವರು ಮತ್ತ ನಮ್ಮನ್ಯಾಗ ಇಳಿದೀವಿ. ಮುಖ್ಯಸ್ಥರು ಸುದೀಪ ಸರ, ಉಡುಪಿ ಕಡೆಯವರು. ಪೆಟ್ಟಿಗಿ ಯಲ್ಲೇಶನ ಜವಾಬ್ದಾರಿ, ತಪ್ಪೂ ಅವಂದೇ ಅಂತಾರ. ಇನ್ನೊಬ್ಬಾಂವ ಹೇಮಂತ, ಅಣ್ಣಿಗೇರಿಯವ. ತಣ್ಣೀರು ಮ್ಯಾಲೆ ಬಂದೇ ಇಲ್ಲ ಅಂತ ನನ್ನ ಜೋಡಿ ದಿನಾ ವಾದಾ ಮಾಡಾಂವ."

ಮಶಾಕಸಾಬ ಅಲ್ಲೇ ತೀರ್ಪು ಕೊಟ್ಟುಬಿಟ್ಟ, ಮನಸ್ಸಿನಲ್ಲಿ. ಹೇಮಂತನೇ, ಮತ್ತ್ಯಾರು.

ಶಲವಡಿ ಮುಟ್ಟಿದಾಗ ಎಲ್ಲರೂ ಅಂಗಳದಲ್ಲಿದ್ದರು. ನಳದ ಬಾಜೂಕೆ ಕುರ್ಚಿ ಹಾಕಿಕೊಂಡಿದ್ದ ಸುದೀಪನ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ. "ನನಗೂ ಬೇಸರವಿದೆ. ಆದರೆ ಪೆಟ್ಟಿಗೆ ಅವನ ಸುಪರ್ದಿಯಲ್ಲಿತ್ತು," ಎಂದ. ಕೀಲಿಯನ್ನು ಆಗಲೇ ತನ್ನ ಜೇಬಿಗೆ ಹಾಕಿಕೊಂಡಿದ್ದ. ಕಂಬಕ್ಕೆ ಒರಗಿ ನಿಂತಿದ್ದ ಯಲ್ಲೇಶ "ನಾ ಮುಟ್ಟಿಲ್ರಿ" ಎಂದಷ್ಟೇ ಹೇಳಿದ. ಎರಡು ಮಕ್ಕಳ ತಂದೆ ಅವನು.

ರೇವವ್ವನ ದೂರು ಬೇರೆಯೇ ಇತ್ತು. "ಇವ್ರು ಮೊದಲ ಸಲ ಬಂದಾಗ ಯಾರೋ ನನ್ನ ಉಪ್ಪಿನ ಡಬ್ಬಿ ಮುಚ್ಚಳಾ ತೆಗೆದಿಟ್ಟಿದ್ರಪಾ. ಉಪ್ಪೆಲ್ಲಾ ನೀರೊಡೀತು."

ಈರಬಸಪ್ಪನವರು ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟೆಯ ಮೇಲೆ ಕೂತು ಯಲ್ಲೇಶನಿಗೆ ನೀರು ಕೇಳಿದರು. ಅವನು ಅಡುಗೆಮನೆಯ ಮಣ್ಣಿನ ಹರವಿಯಿಂದ ತುಸು ಕೆಂಪಗಿನ ಕೆರೆ ನೀರು ತಂದ. ಮಳೆ ಬೆಳೆ ಮಾತಾಡಿ ಹೇಮಂತನಿಗೂ ನೀರು ಕೇಳಿದರು. ಅವನೂ ಹರವಿಗೇ ಹೋದ. ಇನ್ನಷ್ಟು ಹೊತ್ತಾದ ಮೇಲೆ, "ಸುದೀಪ ಸಾಹೇಬ್ರ, ನೀವೂ ಒಂದು ಲೋಟ ಕೊಡ್ರಿ," ಎಂದರು. ಸುದೀಪ ವಿನಯದಿಂದಲೇ ಎದ್ದು ಬಾಜೂಕಿನ ನಳ ತಿರುಗಿಸಿ ತಿಳಿಯಾದ ನೀರು ತುಂಬಿಕೊಟ್ಟ. ರೇವವ್ವ ಏನೋ ಹೇಳಹೋದಳು. ಸಾಹೇಬರು ಕೈಯೆತ್ತಿ ತಡೆದು, ಒಂದು ಗುಟುಕು ಕುಡಿದು ಲೋಟ ಬದಿಗಿಟ್ಟರು. ಪಾಪ, ಬೋರಿನ ಸವಳು ನೀರು ಕೊಟ್ಟನಲ್ಲ, ಪರಊರಿನವರು ಮಾಡುವ ತಪ್ಪೇ ಅದು ಎಂದುಕೊಂಡ ಮಶಾಕಸಾಬ. ಅದಕ್ಕಿಂತ ಮುದುಕರ ಈ ದಾಹ ಅವನಿಗೆ ಕಿರಿಕಿರಿಯಾಗಿತ್ತು. ಕೇಸು ಬಿಟ್ಟು ನೀರು ಕುಡಿಯುತ್ತ ಕೂತರೆ ಹೇಗೆ?

"ಅಮೃತಾ, ಉಪ್ಪು ಅಳೆಯೂ ಸಣ್ಣ ಯಂತ್ರ ಜೀಪಿನ್ಯಾಗ ಅದ ಏನು? ಹರವಿ ನೀರು, ನಳದ ನೀರು ಎರಡೂ ನೋಡವಾ."

ಹರವಿಯ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ನಳದ ನೀರು ಲೀಟರಿಗೆ ಮೂರು ಗ್ರಾಂ ತೋರಿಸಿತು. ಅಮೃತಾ ಇನ್ನೊಮ್ಮೆ ಅಳೆದಳು, ಅದೇ ಮೂರು.

"ಎಲ್ಲಾರೂ ಹತ್ರ ಬರ್ರಿ," ಎಂದರು ಈರಬಸಪ್ಪನವರು. "ನೀವು ಸಮುದ್ರದಾಗ ಮಾಡೂ ಲೆಕ್ಕಾನ ನಾ ಬಾಟಲಿಯೊಳಗ ಮಾಡೀನಿ. ಇದೂ ಬೆರಕಿ ನೀರೇ. ಯಾರೋ ಸಿಹಿನೀರಂತ ತಿಳಿದು ನೀರು ಹಿಡಿದ್ರು. ಅದಕ್ಕ ರೇವವ್ವನ ಡಬ್ಬಿಯಿಂದ ಲೀಟರಿಗೆ ಮೂವತ್ತೈದು ಗ್ರಾಂ ಲೆಕ್ಕದಾಗ ಉಪ್ಪು ತೂಗಿ ಹಾಕಿದ್ರು, ಯಂತ್ರದ ಮಾತಿಗೆ ಹೊಂದಲಿ ಅಂತ. ಮ್ಯಾಲಿನ ಮೂರು ಗ್ರಾಂ ಅವರು ಹಾಕಿದ್ದಲ್ಲ, ಈ ನಳದ್ದು."

"ಹಂಗಾರ ಹೇಮಂತ..." ಎಂದ ಮಶಾಕಸಾಬ.

"ತಡಿ ಮಶಾಕ. ಮೂವತ್ತೈದು ಅನ್ನೋದು ಯಂತ್ರ ನೋಡಿದ ಮೂವರಿಗೆ ಗೊತ್ತು. ಯಲ್ಲೇಶ ಹಗ್ಗಾ ಎಳೆಯಾಂವ, ಅಂಕಿ ನೋಡಾಂವಲ್ಲ. ಆ ಮೂವರೊಳಗ ಅಮೃತಾ ಈ ಮನಿ ಮಗಳು, ಹೇಮಂತ ಅಣ್ಣಿಗೇರಿಯವ. ನಮ್ಮ ಕಡಿ ಹುಟ್ಟಿದ ಕೂಸಿಗೂ ಗೊತ್ತು, ಬೋರಿನ ನೀರು ಮುಸುರಿ ತಿಕ್ಕಾಕ, ಕೆರಿ ನೀರು ಬಾಯಿಗೆ. ಕಣ್ಣಿಗೆ ತಿಳಿ ಕಂಡದ್ದಕ್ಕ ನಳಾನ ನಂಬೂದು ಈ ಮನಿ ನೀರು ಬಾಯಿಗೆ ಹಾಕದವರು ಮಾತ್ರ." ಬದಿಗಿಟ್ಟಿದ್ದ ಲೋಟವನ್ನು ಸುದೀಪನ ಕಡೆ ಸರಿಸಿದರು. "ನೀವು ಕೊಟ್ಟದ್ದ ಅದ ಸಾಹೇಬ್ರ. ಒಂದು ಗುಟುಕು ಕುಡೀರಿ."

ಸುದೀಪ ಕುಡಿದ. ನುಂಗಲಾಗದೆ ಪಕ್ಕಕ್ಕೆ ಉಗುಳಿದ. ಅವನ ಮುಖ ಇಳಿದುಹೋಯಿತು.

"ಆ ರಾತ್ರಿ ಮೊಳೆಯ ಕೀಲಿ ತೆಗೆದುಕೊಂಡು, ಬಾಟಲಿಯ ಮುಚ್ಚಳ ಸಡಿಲವಾಗಿದೆಯೇನೋ ಅಂತ ನೋಡಲು ಪೆಟ್ಟಿಗೆ ತೆಗೆದೆ. ಬಾಟಲಿ ಕೈಜಾರಿ ನೀರು ಚೆಲ್ಲಿತು," ಎಂದ ತಲೆ ತಗ್ಗಿಸಿ. "ಗೆರೆಯ ನಡುವಿನ ನೀರು ಅದೊಂದೇ ಇತ್ತು. ವಿದ್ಯಾರ್ಥಿಗಳ ಮುಂದೆ ಹೇಳಲು ನಾಚಿಕೆಯಾಯಿತು. ಆಮೇಲೆ ಬಾಯಿ ಬರಲಿಲ್ಲ."

ಮಶಾಕಸಾಬನಿಗೆ ಮೈಯೆಲ್ಲ ಉರಿಯಿತು. "ನಿಮ್ಮ ನಾಚಿಗಿ ಮುಚ್ಚಾಕ ಇನ್ನೊಬ್ಬರ ಅನ್ನಕ್ಕ ಮಣ್ಣು ಹಾಕ್ತಿದ್ರಲ್ಲರಿ."

ಅಮೃತಾಳೇ ಮುಂದಿನ ಮಾತು ಎತ್ತಿದಳು. ಐದು ಬಾಟಲಿ ಯಂತ್ರಕ್ಕೆ ಹೊಂದಿವೆ, ಆದ್ದರಿಂದ ಯಂತ್ರದ ಅಳತೆಯನ್ನು ನಂಬಬಹುದು; ಆರನೆಯದು ಚೆಲ್ಲಿತು ಎಂದು ಇದ್ದದ್ದನ್ನು ಇದ್ದಂತೆ ಬರೆಯೋಣ ಎಂದಳು. "ತಣ್ಣೀರು ಮ್ಯಾಲೆ ಬಂದದ್ದೂ ಖರೇ," ಎಂದು ಸೇರಿಸಿದಳು. "ಅದನ್ನ ನಾಳೆ ಜಗಳಾಡೂಣು," ಎಂದ ಹೇಮಂತ.

ಸುದೀಪ ಜೇಬಿನಿಂದ ಕೀಲಿ ತೆಗೆದು ಎರಡೂ ಕೈಯಲ್ಲಿ ಯಲ್ಲೇಶನ ಮುಂದೆ ಹಿಡಿದ. "ತಪ್ಪು ನನ್ನದು, ಯಲ್ಲೇಶ." ಯಲ್ಲೇಶ ಕೀಲಿ ಮುಟ್ಟದೆ ತಿರುಗಿ ಒಳಗೆ ನಡೆದ. ಕೆಲಸ ಬೇಡವೆಂದು ಹೊರಟನೇ ಎಂದು ಮಶಾಕಸಾಬನಿಗೆ ಅಳುಕಾಯಿತು.

ಯಲ್ಲೇಶ ಹರವಿಯಿಂದ ತಂಬಿಗೆ ತುಂಬಿಕೊಂಡು ಬಂದು ಸುದೀಪನಿಗೆ ಕೊಟ್ಟ.

"ಮೊದಲ ಬಾಯಿ ಮುಕ್ಕಳಿಸ್ರಿ ಸರ, ಆ ಸವಳು ಲಗೂನ ಹೋಗೂದಿಲ್ಲ. ಇದು ಕೆರಿ ನೀರು, ಕುಡೀರಿ."

ಆಮೇಲೆ ಕೀಲಿ ಇಸಿದುಕೊಂಡ.