ಅತ್ತೆ ಉಯಿಲಲ್ಲಿ ಕೊಟ್ಟ ಮನೆ

ಸೋದರತ್ತೆ ಮಂಜುಳಮ್ಮ ಹಲಸೂರಿನ ತಮ್ಮ ಮನೆಯನ್ನು ನನಗೂ ನನ್ನ ತಮ್ಮ ಸುಗತನಿಗೂ ಉಯಿಲು ಬರೆದು ತೀರಿಕೊಂಡರು. ಕೊನೆಯವರೆಗೂ ಅವರನ್ನು ನೋಡಿಕೊಂಡವಳು ನಾನೊಬ್ಬಳೇ.

ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಆ ಮನೆಯ ಹಾಲ್‌ನಲ್ಲಿ ಕೂತಿದ್ದೆವು.

"ಮಾರ್ಬಿಡೋಣ ಅಕ್ಕ" ಎಂದ ಸುಗತ.

ಹೊರಗೆ ಉರಿಬಿಸಿಲಿದ್ದರೂ ಕಾಲಡಿಯ ನೆಲ ತಣ್ಣಗಾಯಿತು. ಅತ್ತೆ ಮಂಡಿಗೆ ಹಚ್ಚುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಬಂತು. ಸುಗತ ಅವರ ಖಾಲಿ ಕೋಣೆಯ ಕಡೆ ತಿರುಗಿ, ಯಾರದೋ ಮಾತು ಕೇಳುವವನಂತೆ ತಲೆಯಾಡಿಸಿದ.

"ಆಯ್ತು ಅತ್ತೆ, ಮಾರಲ್ಲ."

"ಏನಂದ್ರೋ?" ಎಂದೆ.

"ನಿಂಗೆ ಕೇಳಿಸ್ಲಿಲ್ವಾ?" ಎಂದು ನನ್ನನ್ನೇ ನೋಡಿದ.

ಆಮೇಲೆ ತನ್ನ ಪಾಲನ್ನೂ ನನಗೇ ಬರೆದುಕೊಟ್ಟ. ಮತ್ತೆ ಆ ಮನೆಗೆ ಕಾಲಿಟ್ಟಿಲ್ಲ.

ಈಗ ಅಲ್ಲಿ ನಾನೊಬ್ಬಳೇ ಇದ್ದೇನೆ. ಸಂಜೆ ಟಿವಿ ಆರಿಸಿ ಅತ್ತೆಯ ಕೋಣೆಯ ಬಾಗಿಲಲ್ಲಿ ಕೂರುತ್ತೇನೆ. ಒಳಗೆ ಮಂಚ ಕಿರುಗುಟ್ಟುತ್ತದೆ. ನನ್ನೊಡನೆ ಅವರು ಇದುವರೆಗೂ ಒಂದು ಮಾತೂ ಆಡಿಲ್ಲ.