ಎಡಗೈ ಹೆಬ್ಬೆರಳು

“ಮೇಲೆ! ಸಿಂಚನಾ ಅವ್ರೇ, ಮೇಲೆ!”

ಅವಳೂ ಮೇಲಕ್ಕೆಂದೇ ಅಲ್ಲವೇ ಒತ್ತಿದ್ದು? ಎಡಗೈ ಹೆಬ್ಬೆರಳಿನಿಂದ ರಿಮೋಟಿನ ಸ್ಟಿಕ್ಕನ್ನು ಪೂರ್ತಿ ನೂಕಿದ್ದಳು. ಡ್ರೋನ್ ಏರಲಿಲ್ಲ. ನೆಟ್ಟಗೆ ಹೋಗಿ ಬೇವಿನ ಮರಕ್ಕೆ ನುಗ್ಗಿತು!

ಪಟಪಟ ಸದ್ದು... ಎಲೆಗಳು ಉದುರಿದವು... ಹಿಂದೆಯೇ ಡ್ರೋನೂ ಉದುರಿತು.

ವಡೋದರಾದ ಹೊರಗಿನ ಆ ಬಯಲಿನಲ್ಲಿ ಇದ್ದದ್ದು ಮೂವರೇ. ಅಲ್ಕಾಪುರಿಯಲ್ಲಿ ಮದುವೆ ಫೋಟೋ ಸ್ಟುಡಿಯೋ ನಡೆಸುವ ಪೂರ್ವಿಬೆನ್, ಅಲ್ಲಿ ಆಲ್ಬಮ್ ಜೋಡಿಸುವ ನಮ್ಮ ಸಿಂಚನಾ, ಡ್ರೋನ್ ಅಂಗಡಿಯ ಶರತ್. ಸ್ಟುಡಿಯೋಗೆ ಒಳ್ಳೆಯ ಡ್ರೋನ್ ಆರಿಸಿ ಹಾರಿಸಿ ತೋರಿಸಿದರೆ, ಇನ್ನು ಮೇಲೆ ಆಕಾಶದ ಫೋಟೋಗಳೆಲ್ಲ ನಿನ್ನವೇ ಎಂದು ಪೂರ್ವಿಬೆನ್ ಮಾತು ಕೊಟ್ಟಿದ್ದರು. ಆ ಮಾತಿಗಾಗಿ ಅವಳು ಎರಡು ವರ್ಷ ಕಾದಿದ್ದಳು.

ಶರತ್ ಮುಂದೆ ಬಂದ. “ಮೇಡಂ, ತಪ್ಪು ನನ್ನದು. ಅವರದ್ದಲ್ಲ,” ಎಂದ ಹಿಂದಿಯಲ್ಲಿ.

ಸಿಂಚನಾಳ ಕಣ್ಣು ತುಂಬಿತು. ರಿಮೋಟ್ ಇದ್ದದ್ದು ತನ್ನ ಕೈಯಲ್ಲಿ! ತಪ್ಪು ಅವನದು ಹೇಗಾದೀತು? ಅಯ್ಯೋ ಪಾಪ ಎಂದು ಸುಳ್ಳು ಹೇಳುತ್ತಿದ್ದಾನೆ...

“ನಿಮ್ಮ ಕನಿಕರ ನನಗೆ ಬೇಡ!”

“ಕನಿಕರ ಅಲ್ಲಾ ರೀ, ಒಂದ್ನಿಮಿಷ ಕೇಳಿ...”

ಕೇಳುವವರು ಯಾರು? ಅವಳು ಸ್ಕೂಟಿ ಹತ್ತಿ ಹೊರಟೇಬಿಟ್ಟಳು.

ಬೇರೆಯವರ ಕನಿಕರವಾಗಿದ್ದರೆ ಸಹಿಸುತ್ತಿದ್ದಳೇನೋ. ಆದರೆ ಶರತ್! ನಾಲ್ಕು ದಿನ ಇಬ್ಬರೂ ಎರಡು ಡ್ರೋನ್‌ಗಳನ್ನು ಮುಂದಿಟ್ಟುಕೊಂಡು ಜಗಳವಾಡಿದ್ದರು. ಚಿಕ್ಕದು ಹಗುರ, ಆದರೆ ರಿಮೋಟಿಗೆ ಫೋನ್ ಸಿಕ್ಕಿಸಬೇಕು. ಬಿಸಿಲಿನಲ್ಲಿ ಏನೂ ಕಾಣದು. ಒಮ್ಮೆ ಹಾರಿಸುತ್ತಿದ್ದಾಗಲೇ ಕಾಲ್ ಬಂದು, ಆಕಾಶವೆಲ್ಲ ಮಾಯವಾಗಿ ಕನ್ನಡದಲ್ಲಿ ‘ಅಮ್ಮ’ ಎಂದು ಮೂಡಿತ್ತು.

“ಓ... ನೀವು ನಮ್ಮೋರಾ!” ಎಂದು ಶರತ್ ನಕ್ಕಿದ್ದ. ಅವನ ಅಪ್ಪ ಹಾಸನದಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಅವಳ ಅಪ್ಪ ಮೈಸೂರಿನಿಂದ ರೈಲ್ವೆ ಕೆಲಸದ ಮೇಲೆ. ಆ ನಗು ಅವಳ ಮನಸ್ಸಿನಲ್ಲಿ ಅಲ್ಲೇ ಠಿಕಾಣಿ ಹೂಡಿತ್ತು.

ದೊಡ್ಡ ಡ್ರೋನಿನ ರಿಮೋಟಿಗೆ ತನ್ನದೇ ಪರದೆ. ಬಿಸಿಲಿನಲ್ಲೂ ಸ್ಪಷ್ಟ, ಗಾಳಿಗೂ ಚಿತ್ರ ಅಲುಗದು. ದೊಡ್ಡದೇ ಇರಲಿ ಎಂದು ಅವಳು ಹೇಳಬೇಕೆಂದಿದ್ದಳು. ಮರ ಸೇರಿದ್ದೂ ಅದೇ. ಅವನ ಕಣ್ಣಿನಲ್ಲಿ ತಾನೀಗ ಕೈಲಾಗದವಳು ಎಂಬ ಯೋಚನೆಯನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಮೂರು ವಾರ ಅವನ ಕಾಲ್ ತೆಗೆಯಲಿಲ್ಲ. ಹನ್ನೊಂದು ಮೆಸೇಜ್ ಬಂದವು, ಒಂದನ್ನೂ ತೆರೆಯಲಿಲ್ಲ. ಹಠ ಎಂದರೆ ಹಠ!

ಪೂರ್ವಿಬೆನ್ ಮಾತ್ರ ಬಿಡಲಿಲ್ಲ. “ಭಾನುವಾರ ಸೂರತ್ ಮದುವೆಗೆ ನೀನೇ ಹಾರಿಸಬೇಕು. ಶರತ್ ಅಂಗಡಿ ಬೇಡವೆಂದರೆ ಅಹಮದಾಬಾದಿನ ಅಂಗಡಿಗೆ ಹೋಗಿ ಇನ್ನೊಮ್ಮೆ ಡ್ರೋನ್ ನೋಡಿ ಬಾ,” ಎಂದರು. ನೋಡಿ ಬಂದು, ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡೇ ಅವಳು ರೈಲು ಹತ್ತಿದಳು.

ಅಂಗಡಿಯ ಹಿರಿಯರು ಅದೇ ದೊಡ್ಡ ಡ್ರೋನಿನ ರಿಮೋಟ್ ಕೈಗಿಟ್ಟು ಕೇಳಿದರು: “ಎಡಗೈ ಸ್ಟಿಕ್ ಒತ್ತಿದರೆ ಮೇಲೇರಬೇಕೋ, ಮುಂದೆ ಹೋಗಬೇಕೋ ಬೇಟಾ?”

“ಅಂದರೆ... ಎರಡೂ ಇದೆಯಾ?”

“ಇದೆಯಲ್ಲ! ಅವರವರ ಕೈಗೆ ಒಗ್ಗಿದ ಹಾಗೆ ಸೆಟ್ ಮಾಡಿಕೊಳ್ಳುತ್ತಾರೆ.”

ಸಿಂಚನಾ ರಿಮೋಟನ್ನು ಮೇಜಿನ ಮೇಲಿಟ್ಟಳು. ಅಂದು ಆ ಡ್ರೋನನ್ನು ಮೊದಲು ಹಾರಿಸಿದವನು ಶರತ್! ಅಂಗಡಿಯಲ್ಲೇ ನಿಂತು ಫೋನ್ ತೆರೆದಳು. ಮೊದಲ ಮೆಸೇಜೇ ಅದು:

‘ರಿಮೋಟ್ ನನ್ನ ಸೆಟ್ಟಿಂಗ್‌ನಲ್ಲೇ ಇತ್ತು. ನಿಮಗೆ ಕೊಡೋ ಮುಂಚೆ ಬದಲಾಯಿಸೋದು ಮರೆತೆ. ನಾನು ಸುಳ್ಳು ಹೇಳಿಲ್ಲ ಸಿಂಚನಾ ಅವ್ರೇ.’

ನನ್ನ ಕೈ ತಪ್ಪಿರಲಿಲ್ಲ... ಅವನು ಕನಿಕರಿಸಿರಲಿಲ್ಲ!

ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ವಾಪಸು ರೈಲಿನಲ್ಲಿ ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಎದುರು ಸೀಟಿನ ಅಜ್ಜಿ ಗಾಬರಿಯಾಗಿ, ಡಬ್ಬಿಯಿಂದ ಮೆಂತ್ಯದ ರೊಟ್ಟಿ ಥೇಪ್ಲಾ ತೆಗೆದು ಚಾಚಿದರು.

ಕೊನೆಯ ಮೆಸೇಜಿನಲ್ಲಿ ‘ದಿನಾ ಸಂಜೆ ಆ ಬಯಲಲ್ಲೇ ಇರ್ತೀನಿ’ ಎಂದಿತ್ತು. ಸಂಜೆ ಐದಕ್ಕೆ ಅವಳು ಬಯಲಿನಲ್ಲಿದ್ದಳು. ಶರತ್ ಒಬ್ಬನೇ ಚಿಕ್ಕ ಡ್ರೋನ್ ಹಾರಿಸುತ್ತಿದ್ದ. ಅದು ಒಮ್ಮೆ ಏರುತ್ತಿತ್ತು, ಒಮ್ಮೆ ಗಾಬರಿಯಿಂದ ನಿಲ್ಲುತ್ತಿತ್ತು.

“ಇದೇನ್ರೀ, ಹೊಸಬರ ಥರ?”

ಅವನು ಬೆಚ್ಚಿ ತಿರುಗಿದ. ಮುಖ ಅರಳಿತು.

“ಹೊಸಬನೇ! ಎಡಗೈಯಲ್ಲಿ ಮೇಲೇರಿಸೋ ನಿಮ್ಮ ಪದ್ಧತಿ ಕಲೀತಿದ್ದೀನಿ. ಎಂಟು ವರ್ಷದ ಅಭ್ಯಾಸ, ಬೆರಳು ಕೇಳಲ್ಲ.”

“ಮತ್ಯಾಕೆ ಕಲಿಯೋದು?”

“ಇನ್ನೊಂದ್ಸಲ ನಿಮ್ಮ ಕೈಗೆ ಕೊಡುವಾಗ ಏನೂ ಬದಲಾಯಿಸೋ ಹಾಗಿರಬಾರ್ದು ಅಂತ. ನೀವು ಬರ್ತೀರೋ ಇಲ್ವೋ ಗೊತ್ತಿರ್ಲಿಲ್ಲ... ಆದ್ರೂ.”

ತಾನು ಬರುತ್ತೇನೋ ಇಲ್ಲವೋ ಗೊತ್ತಿಲ್ಲದೆಯೇ!

“ಕ್ಷಮಿಸಿ ಶರತ್. ನೀವು ನನ್ನ ನೋಡಿ ಪಾಪ ಅಂದ್ಕೊಂಡ್ರಿ ಅಂತ ಕೋಪ ಬಂತು. ನಿಮ್ಮಿಂದ ನನಗೆ ಬೇಕಾಗಿದ್ದು ಅದಲ್ಲ.”

“ಮತ್ತೇನು?”

ಅವಳು ರಿಮೋಟ್ ತೆಗೆದುಕೊಂಡಳು. ಎಡಗೈ ಹೆಬ್ಬೆರಳಿನಿಂದ ಮೆಲ್ಲನೆ ನೂಕಿದಳು. ಡ್ರೋನ್ ಸಲೀಸಾಗಿ ಬೇವಿನ ಮರವನ್ನು ದಾಟಿ ಮೇಲೇರಿತು.

“ಭಾನುವಾರ ಸೂರತ್‌ಗೆ ಜೊತೆಗೆ ಬನ್ನಿ, ಹೇಳ್ತೀನಿ.”

“ಈಗ್ಲೇ ಹೇಳಿ. ಬ್ಯಾಟರಿ ಇಪ್ಪತ್ತೇ ಪರ್ಸೆಂಟ್ ಇದೆ!”

“ಪ್ರೀತಿ ರೀ! ಸಾಕಾ?”

“ಸಾಕು... ನನ್ನದೂ ಅದೇ. ಈಗ ಕೆಳಗಿಳಿಸಿ. ಮರ ನೋಡ್ಕೊಂಡು!”